ಹಳೆಯ ಎಳೆಗೆ ಹೊಸ ಉತ್ತರ: ಅಂತರಜಾಲ ಚರ್ಚೆಗಳಲ್ಲಿ ಒಂದು ಶಿಷ್ಟಾಚಾರ ಹುಟ್ಟಿ ಬೆಳೆದ ಬಗೆ

ನಾಲ್ಕೈದು ವರ್ಷ ಯಾರೂ ಮುಟ್ಟದೆ ಬಿಟ್ಟಿದ್ದ ಚರ್ಚೆಯೊಂದಕ್ಕೆ ಹೊಸಬರೊಬ್ಬರು ಉತ್ತರ ಬರೆಯುತ್ತಾರೆ. ಅದು ಪಟ್ಟಿಯ ಮೇಲಕ್ಕೆ ಬರುತ್ತದೆ. ಹಳಬರು ತಾರೀಖು ನೋಡಿ ಸಿಡುಕುತ್ತಾರೆ, ಮಾಡರೇಟರ್ ಬೀಗ ಹಾಕುತ್ತಾರೆ. ಇಂಗ್ಲಿಷಿನಲ್ಲಿ ಇದರ ಹೆಸರು ‘ನೆಕ್ರೋಪೋಸ್ಟಿಂಗ್’. ಇದರ ಮೊದಲ ಭಾಗಕ್ಕೆ ಗ್ರೀಕಿನಲ್ಲಿ ಹೆಣ ಎಂದು ಅರ್ಥ. ಚೀನೀ ಬಳಕೆದಾರರು ಇದನ್ನೇ ‘ವಾ ಫೆನ್’, ಅಂದರೆ ಗೋರಿ ಅಗೆಯುವುದು ಎನ್ನುತ್ತಾರೆ. ಚರ್ಚೆಗೆ ಸಾವುಂಟು ಎಂದು ಎರಡು ಪದಗಳೂ ಮೊದಲೇ ಒಪ್ಪಿಕೊಂಡಿವೆ. ಕನ್ನಡದಲ್ಲಿ ನಾವು ‘ಹಳೆಯದನ್ನು ಕೆದಕುವುದು’ ಎನ್ನುತ್ತೇವೆ. ಕೆದಕುವವರ ಕೈಗೆ ಬರೀ ಬೂದಿ ಸಿಗಬಹುದು, ಅದರಡಿಯ ಕೆಂಡವೂ ಸಿಗಬಹುದು.

ಹಳೆಯ ಎಳೆಗೆ, ಅಂದರೆ ನಿಂತುಹೋದ ಚರ್ಚಾಸರಣಿಗೆ, ಉತ್ತರಿಸುವುದು ಅಸಭ್ಯತೆ ಎಂಬ ಭಾವನೆ ಎಲ್ಲಿಂದ ಬಂತು ಎಂಬುದು ಈ ಲೇಖನದ ಪ್ರಶ್ನೆ. ಬರೆದದ್ದು ಎಷ್ಟು ಕಾಲ ಉಳಿಯುತ್ತದೆ, ಪಟ್ಟಿಯಲ್ಲಿ ಯಾವುದು ಮೇಲೆ ನಿಲ್ಲುತ್ತದೆ, ಹಳೆಯದನ್ನು ಹುಡುಕಲು ಆಗುತ್ತದೆಯೇ ಎಂಬ ಮೂರು ಸಂಗತಿಗಳೇ ಕಾಲಕಾಲಕ್ಕೆ ಈ ನಿಯಮವನ್ನು ರೂಪಿಸಿವೆ ಎಂಬುದು ನನ್ನ ವಾದ. ಬಳಕೆದಾರರ ನಡತೆಯ ದೋಷವೆಂದು ಎಣಿಸಿದ್ದರಲ್ಲಿ ಬಹುಪಾಲು ಯಂತ್ರದ ಏರ್ಪಾಟಿನಿಂದ ಹುಟ್ಟಿದ್ದು.

ಬರೆದದ್ದು ಉಳಿಯದ ಕಾಲ

1978ರ ಫೆಬ್ರುವರಿಯಲ್ಲಿ ಷಿಕಾಗೋದ ವಾರ್ಡ್ ಕ್ರಿಸ್ಟೆನ್‌ಸೆನ್ ಮತ್ತು ರ‍್ಯಾಂಡಿ ಸ್ಯೂಸ್ ಆರಂಭಿಸಿದ ಸಿಬಿಬಿಎಸ್ ಎಂಬ ಗಣಕ ಫಲಕಕ್ಕೆ ಟೆಲಿಫೋನ್ ಮೂಲಕ ಒಂದು ಸಲಕ್ಕೆ ಒಬ್ಬರಷ್ಟೇ ಸೇರಬಹುದಿತ್ತು. ಸಂದೇಶಗಳು ಫ್ಲಾಪಿ ಡಿಸ್ಕಿನಲ್ಲಿ ಇರುತ್ತಿದ್ದವು. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ರೂಪಿಸಿದ ಯೂಸ್‌ನೆಟ್ ಇದಕ್ಕಿಂತ ಬಹಳ ದೊಡ್ಡದಾಗಿ ಬೆಳೆಯಿತು. ಅಲ್ಲಿ ಸಂದೇಶವು ಒಂದು ಗಣಕದಿಂದ ಇನ್ನೊಂದಕ್ಕೆ ಹಾಯುತ್ತ ಸಾಗುತ್ತಿತ್ತು, ಪ್ರತಿಯೊಂದು ತಾಣವೂ ತನ್ನದೇ ಪ್ರತಿಯನ್ನು ಇಟ್ಟುಕೊಳ್ಳುತ್ತಿತ್ತು. ಡಿಸ್ಕಿನ ಜಾಗ ದುಬಾರಿಯಾದ್ದರಿಂದ ಕೆಲವು ದಿನ ಅಥವಾ ವಾರ ಕಳೆದ ಮೇಲೆ ಹಳೆಯ ಸಂದೇಶಗಳನ್ನು ಅಳಿಸುತ್ತಿದ್ದರು. 1983ರ ಆರ್‌ಎಫ್‌ಸಿ 850 ಎಂಬ ಮಾನಕದಲ್ಲೇ ಸಂದೇಶದ ಆಯುಸ್ಸು ಮುಗಿಯುವ ದಿನವನ್ನು ನಮೂದಿಸಲು ಒಂದು ಸಾಲು ಇತ್ತು.

ಹೀಗೆ ತಾನಾಗಿ ಕರಗುವ ಚರ್ಚೆಯನ್ನು ಮತ್ತೆ ಎತ್ತಬೇಡಿ ಎಂಬ ನಿಯಮವೇ ಬೇಕಿರಲಿಲ್ಲ. ಅಂದಿನವರನ್ನು ಕಾಡಿದ್ದು ಬೇರೆಯೇ ತೊಂದರೆ. ಹಳೆಯ ಉತ್ತರ ಅಳಿದುಹೋಗುತ್ತಿದ್ದುದರಿಂದ ಹೊಸಬರು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಇದಕ್ಕೆ ಮದ್ದಾಗಿ ಬಂದದ್ದು ‘ಎಫ್‌ಎಕ್ಯೂ’, ಪದೇ ಪದೇ ಕೇಳುವ ಪ್ರಶ್ನೆಗಳ ಪಟ್ಟಿ. ನಾಸಾದಲ್ಲಿದ್ದ ಯೂಜೀನ್ ಮಿಯಾ 1980ರ ದಶಕದ ಮೊದಲರ್ಧದಲ್ಲಿ ಬಾಹ್ಯಾಕಾಶ ಕುರಿತ ಚರ್ಚಾಗುಂಪಿಗಾಗಿ ಇಂಥದನ್ನು ಸಿದ್ಧಪಡಿಸಿದರು. ಗುಂಪಿನ ನೆನಪು ಮಾಸದಂತೆ ಈ ಪಟ್ಟಿಗಳನ್ನು ಆಗಾಗ ಮರುಪ್ರಕಟಿಸುವ ಪದ್ಧತಿ ಬೆಳೆಯಿತು. ಅಂದರೆ ಹಳೆಯದನ್ನು ಮತ್ತೆ ಮೇಲಕ್ಕೆ ತರುವುದು ಆಗ ಜವಾಬ್ದಾರಿಯುತ ಸದಸ್ಯರ ಕೆಲಸವಾಗಿತ್ತು.

1995ರ ಅಕ್ಟೋಬರಿನಲ್ಲಿ ಇಂಟೆಲ್ ಸಂಸ್ಥೆಯ ಸ್ಯಾಲಿ ಹ್ಯಾಂಬ್ರಿಜ್ ಸಿದ್ಧಪಡಿಸಿದ ಆರ್‌ಎಫ್‌ಸಿ 1855 ಜಾಲಶಿಷ್ಟಾಚಾರದ ಪ್ರಸಿದ್ಧ ಕೈಪಿಡಿ. ಉತ್ತರಿಸುವಾಗ ಮೂಲ ಸಂದೇಶದ ಸಾರವನ್ನು ಮೊದಲಿಗೆ ಕೊಡಬೇಕು ಅಥವಾ ಬೇಕಾದಷ್ಟೇ ಭಾಗವನ್ನು ಉಲ್ಲೇಖಿಸಬೇಕು ಎಂದು ಅದು ಹೇಳುತ್ತದೆ. ಕಾರಣವನ್ನೂ ಕೊಡುತ್ತದೆ: ಮೂಲ ಸಂದೇಶ ತಲುಪುವ ಮೊದಲೇ ಅದಕ್ಕೆ ಬಂದ ಉತ್ತರ ಓದುಗರ ಕಣ್ಣಿಗೆ ಬೀಳಬಹುದು. ಓದುವವರ ಮುಂದೆ ಹಿಂದಿನ ಮಾತು ಇಲ್ಲದಿರಬಹುದು ಎಂಬ ಈ ಕಾಳಜಿಯೇ ಮುಂದೆ ಹಳೆಯ ಚರ್ಚೆಯನ್ನು ಎತ್ತಿಕೊಳ್ಳುವವರಿಗೂ ಬೇಕಾದ ಮೊದಲ ಪಾಠವಾಯಿತು.

ಕರಗಿದ್ದು ಮರಳಿ ಬಂದಾಗ

ಅದೇ 1995ರಲ್ಲಿ ಬಂದ ಡೆಜಾ ನ್ಯೂಸ್ ಯೂಸ್‌ನೆಟ್ ಸಂದೇಶಗಳನ್ನು ಕೂಡಿಟ್ಟು ಹುಡುಕಲು ಬರುವಂತೆ ಮಾಡಿತು. ನಾಲ್ಕು ದಿನದ ಹರಟೆ ಎಂದು ಬರೆದದ್ದು ದಾಖಲೆಯಾಗಿ ನಿಂತಿತು. ತಮ್ಮ ಮಾತು ಸಂಗ್ರಹಕ್ಕೆ ಸೇರಬಾರದು ಎನ್ನುವವರಿಗಾಗಿ ‘ಎಕ್ಸ್-ನೋ-ಆರ್ಕೈವ್’ ಎಂಬ ಸೂಚನೆ ಬಳಕೆಗೆ ಬಂತು. ಗೂಗಲ್ 2001ರ ಫೆಬ್ರುವರಿಯಲ್ಲಿ ಈ ಸಂಗ್ರಹವನ್ನು ಕೊಂಡು, ವರ್ಷದ ಕೊನೆಗೆ 70 ಕೋಟಿಗೂ ಹೆಚ್ಚು ಸಂದೇಶಗಳ, 20 ವರ್ಷಗಳ ಭಂಡಾರವನ್ನು ತೆರೆದಿಟ್ಟಿತು. ಅದರ ಅತ್ಯಂತ ಹಳೆಯ ಭಾಗ ಉಳಿದದ್ದು ಟೊರಾಂಟೊ ವಿಶ್ವವಿದ್ಯಾಲಯದ ಹೆನ್ರಿ ಸ್ಪೆನ್ಸರ್ 141 ಕಾಂತೀಯ ಟೇಪುಗಳಲ್ಲಿ ಎತ್ತಿಟ್ಟಿದ್ದರಿಂದ.

ಈ ಘಟ್ಟದ ಮಹತ್ವವನ್ನು ಎಷ್ಟು ಹೇಳಿದರೂ ಸಾಲದು. ಹುಡುಕಿ ಬಂದ ಓದುಗನಿಗೆ ಚರ್ಚೆ ನಡೆದು ಹತ್ತು ವರ್ಷವಾಗಿದ್ದರೂ ಅದು ಈಗಷ್ಟೇ ಕಣ್ಣಿಗೆ ಬಿದ್ದಿದೆ. ಬರೆದವನ ಪಾಲಿಗೆ ಅದು ಎಂದೋ ಮುಗಿದ ಮಾತು. ಒಂದೇ ಪುಟದಲ್ಲಿ ಎರಡು ಕಾಲಗಳು ಮುಖಾಮುಖಿಯಾದದ್ದು ಇಲ್ಲಿಂದ.

ಮೇಲೇರುವ ಎಳೆ, ಕುಸಿಯುವ ಎಳೆ

2000ದಲ್ಲಿ ಪಿಎಚ್‌ಪಿಬಿಬಿ, ವಿಬುಲೆಟಿನ್ ಮುಂತಾದ ತಂತ್ರಾಂಶಗಳು ಬಂದ ಮೇಲೆ ಯಾರು ಬೇಕಾದರೂ ಚರ್ಚಾಕಟ್ಟೆ ಕಟ್ಟಬಹುದಾಯಿತು. ಇವುಗಳಲ್ಲಿ ರೂಢಿಯಾದ ಏರ್ಪಾಟು ಒಂದೇ: ಕೊನೆಯ ಉತ್ತರ ಯಾವ ಎಳೆಗೆ ಬಂದಿದೆಯೋ ಅದು ಪಟ್ಟಿಯ ತಲೆಗೆ. ಹೀಗೆ ಮೇಲೇರಿಸುವುದಕ್ಕೆ ‘ಬಂಪ್’ ಎಂಬ ಹೆಸರು ನಿಂತಿತು. ‘ನನಗೂ ಇದೇ ತೊಂದರೆ’ ಎಂಬ ಒಂದು ಸಾಲು ಕೂಡ ಅಂದು ನಡೆಯುತ್ತಿದ್ದ ಹತ್ತು ಚರ್ಚೆಗಳನ್ನು ಕೆಳಗೆ ತಳ್ಳಬಲ್ಲದು. ಸಿಟ್ಟಿನ ಮೂಲ ಇಲ್ಲಿದೆ. ಮೊದಲ ಪುಟ ಎಲ್ಲರಿಗೂ ಸೇರಿದ ಜಾಗ. ಹಳೆಯ ಎಳೆಗೆ ಬಂದ ಸತ್ವವಿಲ್ಲದ ಉತ್ತರವು ಆ ಜಾಗವನ್ನು ಕಸಿದುಕೊಳ್ಳುತ್ತಿತ್ತು.

ಜಪಾನಿನಲ್ಲಿ 1999ರಲ್ಲಿ ಹಿರೊಯುಕಿ ನಿಷಿಮುರಾ ಆರಂಭಿಸಿದ ‘2ಚಾನೆಲ್’ ಇದೇ ತೊಡಕಿಗೆ ಬೇರೆ ದಾರಿ ಕಂಡುಕೊಂಡಿತ್ತು. ಉತ್ತರಿಸುವಾಗ ಮಿಂಚಂಚೆಯ ಜಾಗದಲ್ಲಿ ‘ಸಾಗೆ’ ಎಂದು ಬರೆದರೆ ಉತ್ತರ ಸೇರುತ್ತದೆ, ಎಳೆ ಮಾತ್ರ ಮೇಲೇರುವುದಿಲ್ಲ. ಜಪಾನಿಯಲ್ಲಿ ಅದಕ್ಕೆ ಇಳಿಸುವುದು ಎಂದರ್ಥ. ಒಂದು ಎಳೆಗೆ 1000 ಉತ್ತರ ತುಂಬಿದರೆ ಅಲ್ಲಿಗೆ ಮುಕ್ತಾಯ. ಮುಂದಿನ ಮಾತಿಗೆ ಹೊಸ ಎಳೆ. ಮೇಲೇರಿಸುವುದೋ ಬೇಡವೋ ಎಂಬ ತೀರ್ಮಾನವನ್ನು ಬರೆಯುವವರ ಕೈಗೇ ಕೊಟ್ಟ ಈ ವ್ಯವಸ್ಥೆ, ಗದರಿಕೆಯಿಂದ ಆಗದ ಕೆಲಸವನ್ನು ಒಂದು ಪದದಿಂದ ಮಾಡಿಸಿತು.

ಬೇರೆ ಕಡೆ ದಾರಿಗಳು ಕವಲೊಡೆದವು. ರೆಡಿಟ್‌ನಲ್ಲಿ ‘ಹಾಟ್’ ಎಂಬ ಪಟ್ಟಿಯಲ್ಲಿ ಸ್ಥಾನ ನಿರ್ಧಾರವಾಗುವುದು ಮತಗಳಿಂದ ಮತ್ತು ವಿಷಯ ಪ್ರಕಟವಾದ ಹೊತ್ತಿನಿಂದ. ತಡವಾಗಿ ಬಂದ ಉತ್ತರ ಹಳೆಯ ಎಳೆಯನ್ನು ಮೇಲೆತ್ತಲಾರದು. ಆದರೂ 2021ರವರೆಗೆ ಅಲ್ಲಿ ಆರು ತಿಂಗಳು ದಾಟಿದ ಎಳೆಗಳಿಗೆ ತಾನಾಗಿ ಬೀಗ ಬೀಳುತ್ತಿತ್ತು. 2013ರಲ್ಲಿ ಬಂದ ಡಿಸ್ಕೋರ್ಸ್ ಎಂಬ ತಂತ್ರಾಂಶ ಬೀಗ ಹಾಕದೆ, ಇದು ಇಷ್ಟು ಹಳೆಯ ಮಾತು, ಉತ್ತರಿಸಿದರೆ ಮೇಲೇರುತ್ತದೆ, ಮುಂದುವರಿಸುವಿರಾ ಎಂದು ಕೇಳುತ್ತದೆ. ಹಿರಿಯ ಸದಸ್ಯರು ಗದರಿ ಹೇಳುತ್ತಿದ್ದುದನ್ನು ಯಂತ್ರ ಮೆದುವಾಗಿ ಹೇಳತೊಡಗಿತು.

ತಪ್ಪಿಗೆ ಸಿಕ್ಕ ಪದಕ

2008ರ ಸೆಪ್ಟೆಂಬರಿನಲ್ಲಿ ಜೆಫ್ ಅಟ್‌ವುಡ್ ಮತ್ತು ಜೋಯೆಲ್ ಸ್ಪೋಲ್‌ಸ್ಕಿ ತೆರೆದ ಸ್ಟಾಕ್ ಓವರ್‌ಫ್ಲೋ ಈ ಚರಿತ್ರೆಗೆ ದೊಡ್ಡ ತಿರುವು ಕೊಟ್ಟಿತು. ಅಲ್ಲಿ ಸಾಲುಸಾಲಾದ ಸಂಭಾಷಣೆ ಇಲ್ಲ. ಒಂದು ಪ್ರಶ್ನೆ, ಅದರ ಕೆಳಗೆ ಮತಗಳಿಂದ ತೂಗಿದ ಉತ್ತರಗಳು. ಪ್ರಶ್ನೆ ಕೇಳಿ 60 ದಿನ ಕಳೆದ ಮೇಲೆ ಬರೆದ ಉತ್ತರಕ್ಕೆ 5 ಅಥವಾ ಹೆಚ್ಚು ಅಂಕ ಬಂದರೆ ‘ನೆಕ್ರೊಮ್ಯಾನ್ಸರ್’ ಎಂಬ ಪದಕ ಸಿಗುತ್ತದೆ. ಎಲ್ಲೆಡೆ ಬೈಗುಳವಾಗಿದ್ದ ಪದ ಇಲ್ಲಿ ಬಿರುದಾಯಿತು. ಕೆಲಸ ಒಂದೇ. ಗುರಿ ಮಾತ್ರ ಬದಲಾಗಿತ್ತು: ಇಂದಿನ ಹರಟೆಗಿಂತ ನಾಳೆ ಹುಡುಕಿ ಬರುವವರ ಅಗತ್ಯವನ್ನು ಈ ತಾಣ ಮುಂದಿಟ್ಟುಕೊಂಡಿತು.

ಆ ಅಗತ್ಯ ಎಷ್ಟು ತೀವ್ರವೆಂಬುದನ್ನು 2011ರಲ್ಲಿ ರ‍್ಯಾಂಡಲ್ ಮನ್ರೊ ತಮ್ಮ ಎಕ್ಸ್‌ಕೆಸಿಡಿ ಚಿತ್ರಮಾಲಿಕೆಯ 979ನೆಯ ಕಂತಿನಲ್ಲಿ ಹಿಡಿದಿಟ್ಟರು. ತನ್ನದೇ ತೊಂದರೆಯನ್ನು 2003ರಲ್ಲಿ ಯಾರೋ ಒಬ್ಬರು ಬರೆದದ್ದು ಸಿಕ್ಕಿ, ಅದಕ್ಕೆ ಉತ್ತರವೇ ಇಲ್ಲದೆ ಕಂಗೆಟ್ಟವನ ಕಥೆ ಅದು. ಹೀಗೆ ಹುಡುಕಾಡಿದ ಎಲ್ಲರಿಗೂ ಆ ಒಂಟಿತನ ಗೊತ್ತು. ಉತ್ತರವಿಲ್ಲದ ಎಳೆಗೆ ಬೀಗ ಹಾಕಿದರೆ ಉತ್ತರ ಬಲ್ಲವರು ಮುಂದೆ ಬಂದರೂ ಬರೆಯುವ ದಾರಿ ಇರುವುದಿಲ್ಲ.

ವಿಕಿಪೀಡಿಯದ ಏರ್ಪಾಟು ಇಲ್ಲಿ ಮಾದರಿಯಾಗಬಲ್ಲದು. ಮುಗಿದ ಚರ್ಚೆಗಳನ್ನು ಅದು ಸಂಗ್ರಹಪುಟಕ್ಕೆ ಸರಿಸುತ್ತದೆ, ಅದನ್ನು ತಿದ್ದಬಾರದು ಎನ್ನುತ್ತದೆ, ಹಳೆಯ ಮಾತನ್ನು ಎತ್ತಬೇಕಿದ್ದರೆ ಈಗಿನ ಚರ್ಚಾಪುಟದಲ್ಲಿ ಎತ್ತಿ ಎಂದು ದಾರಿಯನ್ನೂ ತೋರಿಸುತ್ತದೆ. ದಾಖಲೆಗೆ ಧಕ್ಕೆ ಆಗದು, ಮಾತಿಗೆ ತಡೆಯೂ ಇಲ್ಲ.

ಕನ್ನಡದ ಪ್ರಶ್ನೆ

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ತನ್ನ ಸಮುದಾಯ ಚರ್ಚೆಯ ಪುಟವನ್ನು ‘ಅರಳಿಕಟ್ಟೆ’ ಎಂದು ಕರೆದುಕೊಂಡಿದೆ. ಊರಿನ ಅರಳಿಕಟ್ಟೆಯಲ್ಲಿ ನಿನ್ನೆಯ ಮಾತು ನಿನ್ನೆಗೆ. ಅಂತರಜಾಲದ ಕಟ್ಟೆಯಲ್ಲಿ ಅದು ಅಕ್ಷರವಾಗಿ ಉಳಿದಿರುತ್ತದೆ. ಆದರೆ ಕನ್ನಡದಲ್ಲಿ ಉಳಿದದ್ದೆಲ್ಲ ಕೈಗೆ ಸಿಗುವುದಿಲ್ಲ. ಯೂನಿಕೋಡ್ ಬಳಕೆ ಹರಡುವ ಮುನ್ನ ನುಡಿ, ಬರಹದಂಥ ತಂತ್ರಾಂಶಗಳ ಫಾಂಟ್ ಆಧಾರಿತ ಸಂಕೇತಗಳಲ್ಲಿ ಬರೆದದ್ದು, ಆ ಫಾಂಟ್ ಇಲ್ಲದ ಗಣಕದಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕನ್ನಡ ಲಿಪಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಎಳೆಗೆ ಬೀಗ ಬಿದ್ದರೆ ಅದೇ ವಿಷಯದ ಬೇರೆ ಎಳೆಗಳು ಸಿಕ್ಕಾವು. ಕನ್ನಡದಲ್ಲಿ ಒಂದು ವಿಷಯಕ್ಕೆ ಇರುವುದು ಒಂದೇ ಎಳೆಯಾಗಿರಬಹುದು. ಅದನ್ನು ಯೂನಿಕೋಡಿಗೆ ತಂದು ಮುಂದುವರಿಸುವವರನ್ನು ನಾವು ಸ್ವಾಗತಿಸಬೇಕು.

ಸಮಾರೋಪ

ಸಂದೇಶ ಅಳಿಯುತ್ತಿದ್ದಾಗ ಹಳೆಯದನ್ನು ಮರಳಿ ತರುವುದು ಸೇವೆಯಾಗಿತ್ತು. ಕೊನೆಯ ಉತ್ತರಕ್ಕೆ ಮೊದಲ ಸ್ಥಾನ ಸಿಕ್ಕಾಗ ತಪ್ಪಾಯಿತು. ಹುಡುಕಿ ಬರುವವರೇ ಮುಖ್ಯ ಓದುಗರಾದಾಗ ಪದಕ ತಂದಿತು. ಆದ್ದರಿಂದ ಮಾತಿನ ವಯಸ್ಸನ್ನು ಸಭ್ಯತೆಯ ಅಳತೆಗೋಲಾಗಿ ಹಿಡಿಯುವುದಕ್ಕೆ ಚರಿತ್ರೆಯ ಬೆಂಬಲವಿಲ್ಲ. ಕೇಳಬೇಕಾದದ್ದು, ಬಂದವರು ಏನು ತಂದಿದ್ದಾರೆ ಎಂದು. ತಪ್ಪಾಗಿದ್ದ ಉತ್ತರಕ್ಕೆ ತಿದ್ದುಪಡಿ, ಉತ್ತರವಿಲ್ಲದ ಪ್ರಶ್ನೆಗೆ ಪರಿಹಾರ, ಬದಲಾದ ಪರಿಸ್ಥಿತಿಯ ಸುದ್ದಿ, ಇವುಗಳಲ್ಲಿ ಒಂದನ್ನಾದರೂ ತಂದವರು ಹಳೆಯ ತಾರೀಖನ್ನು ನಮೂದಿಸಿ, ಹಿಂದಿನ ಮಾತಿನ ಸಾರ ಕೊಟ್ಟು ಬರೆದರೆ ಸಾಕು. ತಮ್ಮದೇ ಬೇರೆ ತೊಂದರೆ ಇದ್ದವರು ಹೊಸ ಎಳೆ ತೆರೆದು ಹಳೆಯದರ ಕೊಂಡಿ ಕೊಡಲಿ. ಹಳಬರು ಗದರುವ ಮುನ್ನ ಆ ಉತ್ತರವನ್ನು ಒಮ್ಮೆ ಪೂರ್ತಿ ಓದಲಿ. ಅದಕ್ಕಾಗಿ ವರ್ಷಗಳಿಂದ ಕಾದಿರುವ ಓದುಗರೊಬ್ಬರು ಎಲ್ಲೋ ಇರುತ್ತಾರೆ.