ವಕೀಲಿ ವೃತ್ತಿ: ಲಾ ಫರ್ಮ್ ಮತ್ತು ಇತರ ದಾರಿಗಳು

ಕಾನೂನು ಪದವಿ ಮುಗಿಸಿದವರು ಲಾ ಫರ್ಮ್ ಎಂದು ಕರೆಯುವ ದೊಡ್ಡ ಸಂಸ್ಥೆಗೆ ಸಂಬಳಕ್ಕೆ ಸೇರಬೇಕೆ, ಸೀನಿಯರ್ ಒಬ್ಬರ ಕಚೇರಿ ಸೇರಿ ಕೋರ್ಟು ಹತ್ತಬೇಕೆ, ಇಲ್ಲವೇ ನ್ಯಾಯಾಧೀಶರ ಪರೀಕ್ಷೆ ಕಟ್ಟಬೇಕೆ ಎಂಬ ಚರ್ಚೆ ಭಾರತದಲ್ಲಿ ವ್ಯಾಪಕವಾದದ್ದು 1990ರ ದಶಕದ ಈಚೆಗೆ. ಅಲ್ಲಿಯವರೆಗೆ ಲಾ ಓದಿದವರೆಂದರೆ ಜನರ ಕಣ್ಣಿಗೆ ಬರುತ್ತಿದ್ದುದು ಕರಿಕೋಟು. ಆಯ್ಕೆ ಅವರವರ ಒಲವಿಗೆ ಬಿಟ್ಟದ್ದು ಎನ್ನುವುದು ರೂಢಿಯ ಮಾತು. ಆದರೆ ಮೊದಲ ಕೆಲವು ವರ್ಷ ಮನೆ ಬಾಡಿಗೆ ಯಾರು ಕಟ್ಟುತ್ತಾರೆ ಎಂಬುದೇ ಬಹಳ ಸಲ ಅದನ್ನು ನಿರ್ಧರಿಸಿದೆ.

ಈಸ್ಟ್ ಇಂಡಿಯಾ ಕಂಪನಿಯ ಆಡಳಿತ 1793ರಲ್ಲಿ ಬಂಗಾಳದ ವಕೀಲರಿಗೆ ಸನ್ನದು ಕೊಡುವ ಪದ್ಧತಿ ತಂದಿತು. ಈ ವೃತ್ತಿಯನ್ನು ಧರ್ಮ, ರಾಷ್ಟ್ರೀಯತೆಗಳ ಭೇದವಿಲ್ಲದೆ ಅರ್ಹರಿಗೆಲ್ಲ ತೆರೆದದ್ದು 1846ರ ಕಾಯ್ದೆ. ಕಲ್ಕತ್ತ ಮತ್ತು ಬೊಂಬಾಯಿಯಲ್ಲಿ ಮಾತ್ರ ಇಂಗ್ಲೆಂಡಿನ ಮಾದರಿಯ ಇಬ್ಭಾಗ ಬಹುಕಾಲ ಉಳಿಯಿತು: ಕಕ್ಷಿದಾರರೊಡನೆ ಮಾತಾಡಿ ಕಾಗದಪತ್ರ ಸಿದ್ಧಪಡಿಸುವವರು ಅಟಾರ್ನಿಗಳು, ಪೀಠದ ಮುಂದೆ ವಾದಿಸುವವರು ಬ್ಯಾರಿಸ್ಟರರು ಮತ್ತು ಅಡ್ವೊಕೇಟರು. ಹಳೆಯ ಲಾ ಫರ್ಮ್‌ಗಳು ಹುಟ್ಟಿದ್ದು ಈ ಅಟಾರ್ನಿ ಕಚೇರಿಗಳಿಂದ. ಕಲ್ಕತ್ತದ ಖೇತಾನ್ ಆರಂಭವಾದದ್ದು 1911ರಲ್ಲಿ, ಬೊಂಬಾಯಿಯ ಅಮರ್‌ಚಂದ್ ಮಂಗಲ್‌ದಾಸ್ 1917ರಲ್ಲಿ. 1961ರ ವಕೀಲರ ಕಾಯ್ದೆ ದೇಶಕ್ಕೆಲ್ಲ ಒಂದೇ ವರ್ಗದ ವಕೀಲರನ್ನು ಗುರುತಿಸಿತಾದರೂ ಅಟಾರ್ನಿಗಳ ಪ್ರತ್ಯೇಕ ಸ್ಥಾನ ಪೂರ್ತಿ ಹೋದದ್ದು 1976ರ ತಿದ್ದುಪಡಿಯಿಂದ.

ಈ ಸಂಸ್ಥೆಗಳು ಬಹುಕಾಲ ಸಣ್ಣವಾಗಿಯೇ, ಮನೆತನದ ಆಸ್ತಿಯಂತೆಯೇ ಇದ್ದವು. 1956ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಪಾಲುದಾರಿಕೆಯಲ್ಲಿ 20ಕ್ಕಿಂತ ಹೆಚ್ಚು ಪಾಲುದಾರರಿರುವಂತಿರಲಿಲ್ಲ. ಆ ಕಟ್ಟು ಸಡಿಲಗೊಂಡದ್ದು 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆಯ ನಂತರ. ವಕೀಲರು ಜಾಹೀರಾತು ಕೊಡಬಾರದೆಂಬ ನಿಷೇಧ ಇಂದಿಗೂ ಇದೆ. ಹೆಸರು, ವಿಳಾಸ, ಅರ್ಹತೆ ತಿಳಿಸುವ ವೆಬ್‌ಸೈಟಿಗೆ ವಕೀಲರ ನಿಯಂತ್ರಣ ಸಂಸ್ಥೆಯಾದ ಬಾರ್ ಕೌನ್ಸಿಲ್ ಒಪ್ಪಿದ್ದೂ 2008ರಲ್ಲೇ.

1990ರ ದಶಕದ ತಿರುವಿನ ಅರ್ಧ ಭಾಗ ನಡೆದದ್ದು ಬೆಂಗಳೂರಿನಲ್ಲಿ. ಕರ್ನಾಟಕ ವಿಧಾನಮಂಡಲದ ಕಾಯ್ದೆಯ ಮೂಲಕ ಸ್ಥಾಪನೆಯಾದ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಐದು ವರ್ಷದ ಪದವಿಗೆ ಮೊದಲ ತಂಡವನ್ನು ಸೇರಿಸಿಕೊಂಡಿತು. ಸಂಸ್ಥಾಪಕ ನಿರ್ದೇಶಕ ಎನ್.ಆರ್. ಮಾಧವ ಮೆನನ್ ಅವರಿಗೆ ಬೇಕಿದ್ದುದು ಸಾಮಾಜಿಕ ಕಾಳಜಿಯುಳ್ಳ, ಒಳ್ಳೆಯ ತರಬೇತಿ ಪಡೆದ ವಕೀಲರು. ಆ ತಂಡ ಪದವಿ ಪಡೆದು ಹೊರಬರುವ ಹೊತ್ತಿಗೆ 1991ರ ಆರ್ಥಿಕ ಸುಧಾರಣೆ ಜಾರಿಗೆ ಬಂದು ವಿದೇಶಿ ಬಂಡವಾಳ, ವಿಲೀನ, ಷೇರು ಬಿಡುಗಡೆಯ ಕರಾರುಗಳನ್ನು ಬರೆಯಬಲ್ಲವರಿಗೆ ಬೇಡಿಕೆ ಏರುತ್ತಿತ್ತು. ಕ್ಯಾಂಪಸ್ಸಿಗೇ ಬಂದು ಆರಿಸಿಕೊಳ್ಳುವ ಪದ್ಧತಿ ಬೆಳೆಯಿತು. ಕೋರ್ಟಿಗೆಂದು ಕಟ್ಟಿದ ಶಾಲೆ ಬೋರ್ಡ್‌ರೂಮಿಗೆ ಆಳು ಒದಗಿಸುತ್ತಿದೆ ಎಂಬ ದೂರೂ ಜೊತೆಗೇ ಹುಟ್ಟಿತು. ದೂರಿನಲ್ಲಿ ಸತ್ಯವಿದೆ; ಆದರೆ ಅದಕ್ಕೆ ಹುಡುಗರನ್ನಷ್ಟೇ ಹೊಣೆ ಮಾಡುವುದು ಸಲ್ಲದು.

ಜಿಲ್ಲಾ ಕೋರ್ಟಿನ ಜೂನಿಯರ್‌ನ ದಿನಚರಿ ಇದನ್ನು ವಿವರಿಸುತ್ತದೆ. ಬೆಳಿಗ್ಗೆ ಆ ದಿನದ ಪ್ರಕರಣಗಳ ಪಟ್ಟಿಯಾದ ಕಾಸ್ ಲಿಸ್ಟ್ ನೋಡಿ ಫೈಲು ಜೋಡಿಸಬೇಕು, ಸೀನಿಯರ್ ಬೇರೆ ಹಾಲಿನಲ್ಲಿದ್ದರೆ ಎದ್ದು ನಿಂತು ಪ್ರಕರಣವನ್ನು ತುಸು ಹೊತ್ತಿನ ನಂತರ ಕರೆಯುವಂತೆ ‘ಪಾಸ್ ಓವರ್’ ಕೇಳಬೇಕು, ವಕಾಲತ್ತಿಗೆ ಸಹಿ ಹಾಕಿಸಬೇಕು, ನಕಲು ಅರ್ಜಿಗಾಗಿ ಗುಮಾಸ್ತರ ಮೇಜಿನ ಮುಂದೆ ಕಾಯಬೇಕು, ಸಂಜೆ ಕಚೇರಿಯಲ್ಲಿ ಡಿಕ್ಟೇಷನ್ ತೆಗೆದುಕೊಳ್ಳಬೇಕು. ಸಿಗುವುದು ಎಷ್ಟೋ ಕಡೆ ಓಡಾಟದ ಖರ್ಚು ಮಾತ್ರ. ಫರ್ಮಿನ ಹೊಸಬರೂ ಸುಖವಾಗಿರುವುದಿಲ್ಲ: ನೂರಾರು ಗುತ್ತಿಗೆಪತ್ರ ಓದಿ ದೋಷ ಪಟ್ಟಿ ಮಾಡುವುದು, ಗಂಟೆಗಳ ಲೆಕ್ಕವನ್ನು ಟೈಮ್‌ಶೀಟಿಗೆ ತುಂಬುವುದು, ಕರಾರಿಗೆ ಸಹಿ ಬೀಳುವ ರಾತ್ರಿ ನಿದ್ದೆಗೆಡುವುದು. ವರ್ಷಗಟ್ಟಲೆ ದುಡಿದರೂ ಒಬ್ಬ ಸಾಕ್ಷಿಯ ಪಾಟೀ ಸವಾಲು ಮಾಡುವ ಅವಕಾಶ ಸಿಗದೆ ಹೋಗಬಹುದು. ಆದರೆ ಸಂಬಳ ಮೊದಲ ತಿಂಗಳಿಂದಲೇ ಬರುತ್ತದೆ. ಅಪ್ಪನ ಕಚೇರಿ, ಅಪ್ಪನ ಕಕ್ಷಿದಾರರು ಇದ್ದವರಿಗೆ ಈ ಲೆಕ್ಕ ಬೇರೆ. ಭಾರತೀಯ ಬಾರ್ ಕೌನ್ಸಿಲ್ 2024ರ ಅಕ್ಟೋಬರಿನಲ್ಲಿ ಜೂನಿಯರ್‌ಗಳಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದಿತು. ಅದು ಸಲಹೆ ಮಾತ್ರ, ಕಡ್ಡಾಯವಲ್ಲ.

ಕಂಪನಿಯ ಕಾನೂನು ವಿಭಾಗ ಮತ್ತೊಂದು ದಾರಿ. ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದವರು ಬಾರ್ ಕೌನ್ಸಿಲಿನ 49ನೆಯ ನಿಯಮದಂತೆ ವಕೀಲಿ ನಡೆಸುವಂತಿಲ್ಲ. ಸಂಖ್ಯೆಯಲ್ಲಿ ಚಿಕ್ಕದಾದರೂ ಇನ್ನೊಂದು ದಾರಿಯೂ ಇದೆ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿಯ ಉಚಿತ ನೆರವು ಮತ್ತು ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂನಂಥ ಗುಂಪುಗಳ ಹಕ್ಕುಗಳ ಕೆಲಸ.

2023ರಲ್ಲಿ ಬಾರ್ ಕೌನ್ಸಿಲ್ ವಿದೇಶಿ ಲಾ ಫರ್ಮ್‌ಗಳಿಗೆ ಬಾಗಿಲು ತೆರೆಯುವ ನಿಯಮ ಹೊರಡಿಸಿತು. ಅವರು ವಿದೇಶಿ ಕಾನೂನಿನ ಸಲಹೆ ಕೊಡಬಹುದು, ಭಾರತದ ಕೋರ್ಟಿನಲ್ಲಿ ವಾದಿಸುವಂತಿಲ್ಲ.

ನ್ಯಾಯಾಂಗ ಸೇವೆಯ ನಿಯಮಗಳೂ ಪ್ರತಿಭಾವಂತರಿಗಾಗಿ ಈ ದಾರಿಗಳ ನಡುವೆ ನಡೆಯುವ ಪೈಪೋಟಿಗೆ ತಕ್ಕಂತೆ ಹೊರಳಿವೆ. ಸಿವಿಲ್ ನ್ಯಾಯಾಧೀಶರಾಗಲು ಮೂರು ವರ್ಷದ ವಕೀಲಿ ಬೇಕೆಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತ್ತು. ಅಷ್ಟು ಕಾಲ ಬಾರಿನಲ್ಲಿ ನೆಲೆಯೂರಿದ ಪ್ರತಿಭಾವಂತರು ಸೇವೆಗೆ ಬರುವುದಿಲ್ಲವೆಂದು ಕರ್ನಾಟಕದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗ ವರದಿ ಕೊಟ್ಟ ಮೇಲೆ, 2002ರಲ್ಲಿ ಷರತ್ತು ಹೋಯಿತು. 2025ರ ಮೇ 20ರಂದು ಅದೇ ಕೋರ್ಟ್ ಅದನ್ನು ಮತ್ತೆ ತಂದಿತು. ಆ ತೀರ್ಪಿನಂತೆ ಮೂರು ವರ್ಷದ ಅನುಭವಕ್ಕೆ ಪ್ರಧಾನ ನ್ಯಾಯಾಂಗ ಅಧಿಕಾರಿಯ ಪ್ರಮಾಣಪತ್ರ, ಇಲ್ಲವೇ ಅವರ ದೃಢೀಕರಣವಿರುವ, ಕನಿಷ್ಠ 10 ವರ್ಷ ವೃತ್ತಿ ನಡೆಸಿದ ವಕೀಲರ ಪ್ರಮಾಣಪತ್ರ ಬೇಕು. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ದುಡಿದ ಅವಧಿಯೂ ಲೆಕ್ಕಕ್ಕೆ ಬರುತ್ತದೆ.