ಹಳೇ ಯಂತ್ರಗಳ ಕಥೆ – ಭಾಗ 9: ಚಂದ್ರನ ಮೇಲೊಂದು ಹಂಡೆ ಗಾಡಿ

2023ರ ಸೆಪ್ಟೆಂಬರ್ 22. ನಾನಾಗ ಪಿಯುಸಿ. ಚಂದ್ರನಲ್ಲಿ ಮತ್ತೆ ಬೆಳಗಾಗಿತ್ತು, ಇಸ್ರೋದವರು ಕರೀತಾನೇ ಇದ್ರು, ನಮ್ಮ ಪ್ರಜ್ಞಾನ್ ಮಾತ್ರ ಏಳಲಿಲ್ಲ. "ಇಷ್ಟೆಲ್ಲಾ ಮಾಡಿ ಹದಿನಾಲ್ಕೇ ದಿನಕ್ಕೆ ಮುಗೀತಾ?" ಅಂತ ಅಪ್ಪ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕ್ತಾ ಹೋದಾಗ ಸಿಕ್ಕಿದ್ದು ಈ ಫೋಟೊದಲ್ಲಿರೋ ಗಾಡಿ.

ಹೆಸರು ಲುನೊಖೊದ್-1, ಸೋವಿಯತ್ ಒಕ್ಕೂಟದ್ದು. 1970ರ ನವೆಂಬರ್ 17ರಂದು ಚಂದ್ರನಲ್ಲಿ ಇಳೀತು. ಭೂಮಿಯಾಚೆ ಓಡಾಡಿದ ಮೊದಲ ರೋಬೋ ಕಾರು ಇದೇ. ತೂಕ 756 ಕೆ.ಜಿ. ಇಳಿದ ಜಾಗದ ಹೆಸರು 'ಮಳೆಗಳ ಸಮುದ್ರ'. ಅಲ್ಲಿ ಮಳೇನೂ ಇಲ್ಲ, ಸಮುದ್ರಾನೂ ಇಲ್ಲ! ಇರೋದು ಹಗಲಲ್ಲಿ ನೂರು ಡಿಗ್ರಿ ದಾಟೋ ಬಿಸಿಲು, ಎರಡು ವಾರದ ರಾತ್ರಿಯಲ್ಲಿ ಮೈನಸ್ 150ರ ಚಳಿ.

ಅದಕ್ಕೆ ಅವರು ಮಾಡಿದ ಉಪಾಯ ನಮ್ಮ ಬಚ್ಚಲುಮನೆಯ ಹಂಡೆ ಥರಾನೇ ಇದೆ. ಯಂತ್ರಗಳೆಲ್ಲಾ ಗಾಳಿಯಾಡದ ಪಾತ್ರೆಯೊಳಗೆ, ಮೇಲೊಂದು ಮುಚ್ಚಳ. ಹಗಲಲ್ಲಿ ಮುಚ್ಚಳ ತೆರೆದ್ರೆ ಅದರ ಒಳಮೈಯಲ್ಲಿರೋ ಸೌರಫಲಕಕ್ಕೆ ಬಿಸಿಲು. ರಾತ್ರಿ ಮುಚ್ಚಿದ್ರೆ ಒಳಗಿನ ಶಾಖ ಒಳಗೇ. ಒಲೆಯ ಜಾಗದಲ್ಲಿ ಪೊಲೋನಿಯಂ-210. ಎಂಟು ಚಕ್ರ, ಒಂದೊಂದಕ್ಕೂ ಬೇರೆ ಮೋಟಾರು. ಒಂದು ಸಿಕ್ಕಿಕೊಂಡ್ರೆ ಅದನ್ನ ಮೋಟಾರಿನಿಂದ ಬಿಡಿಸಿ, ಉಳಿದವುಗಳಲ್ಲೇ ಮುಂದಕ್ಕೆ ಹೋಗಬಹುದಿತ್ತು.

ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ, ಈ ಆಸ್ತಿಯ ಅಂದಾಜು ಬಾಳಿಕೆ 3 ಚಾಂದ್ರ ದಿನ. ದುಡಿದಿದ್ದು 11. ಸುಮಾರು ಹತ್ತೂವರೆ ಕಿ.ಮೀ. ಓಡ್ತು. ಆದ್ರೆ ಪೊಲೋನಿಯಂ ಪ್ರತಿ 138 ದಿನಕ್ಕೆ ಅರ್ಧ ಆಗತ್ತೆ. ಒಲೆ ಆರ್ತಾ ಬಂತು. 1971ರ ಸೆಪ್ಟೆಂಬರ್ 14ಕ್ಕೆ ಕೊನೆಯ ಸಂಕೇತ.

1973ರಲ್ಲಿ ಹೋದ ತಮ್ಮ, ಲುನೊಖೊದ್-2, ಸುಮಾರು 39 ಕಿ.ಮೀ. ಓಡಿದ. ಅವನನ್ನ ಕೆಡಿಸಿದ್ದು ಚಳಿಯಲ್ಲ, ಧೂಳು. ತೆರೆದ ಮುಚ್ಚಳ ಕುಳಿಯ ಗೋಡೆಗೆ ತಾಗಿ ಮಣ್ಣು ತುಂಬ್ಕೊಳ್ತು. ರಾತ್ರಿ ಮುಚ್ಚಿದಾಗ ಆ ಮಣ್ಣು ಶಾಖ ಹೊರಹಾಕೋ ಭಾಗದ ಮೇಲೇ ಬಿತ್ತು. ಮರುದಿನದ ಬಿಸಿಲಲ್ಲಿ ಒಳಗೆಲ್ಲಾ ಕಾದು ಕೆಟ್ಟುಹೋಯ್ತು. ಕಾಪಾಡಿದ ಮುಚ್ಚಳಾನೇ ಕೊನೆಗೆ ಮುಳುವಾಯ್ತು.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಪ್ರಜ್ಞಾನ್ ತೂಕ ಬರೀ 26 ಕೆ.ಜಿ. ಅದರೊಳಗೆ ಇಂಥ ಒಲೆ ಇರಲಿಲ್ಲ. ಒಂದು ಚಾಂದ್ರ ದಿನ ಅಂದ್ರೆ ನಮ್ಮ ಹದಿನಾಲ್ಕು ದಿನಕ್ಕೆ ಅಂತಾನೇ ಮಾಡಿದ್ದು. ಆ ಕೆಲಸ ಮುಗಿಸಿಯೇ ಮಲಗಿತ್ತು. ಎದ್ದಿದ್ರೆ ಅದು ಬೋನಸ್. ಬೋನಸ್ ಬರಲಿಲ್ಲ ಅಂತ ಸಂಬಳಾನೇ ಬಂದಿಲ್ಲ ಅನ್ನೋಕಾಗಲ್ಲ ಅಲ್ವಾ?

ಕೊನೇ ಫೋಟೊ ನೋಡಿ. 2010ರಲ್ಲಿ ನಾಸಾದ ನೌಕೆಯ ಚಿತ್ರಗಳಲ್ಲಿ ಲುನೊಖೊದ್-1 ನಿಂತ ಜಾಗ ಸಿಕ್ತು. ಅಮೆರಿಕದಿಂದ ಲೇಸರ್ ಬಿಟ್ರು. ಗಾಡಿಯ ಮೇಲಿದ್ದ ಪ್ರತಿಫಲಕ ಅದನ್ನ ವಾಪಸ್ ಕಳಿಸ್ತು, ಸುಮಾರು 39 ವರ್ಷದ ಮೇಲೆ. ಕರೆಂಟು ಬೇಡದ ಆ ಒಂದು ಭಾಗ ಇನ್ನೂ ಡ್ಯೂಟಿಯಲ್ಲೇ ಇದೆ.

ಇದನ್ನೆಲ್ಲಾ ಅಪ್ಪಂಗೆ ಹೇಳಿದೆ. "ಹಾಗಾದ್ರೆ ಮುಂದಿನ ಸಲ ಒಲೆ ಇಡ್ಲಿ" ಅಂದ್ರು. ನೀವೇನಂತೀರಾ?