ಗಾಜಿನೆಳೆಗೆ ಲೋಹದ ಮೈ

ಮನೆಗೆ ಫೈಬರ್ ಇಂಟರ್ನೆಟ್ ಹಾಕಿಕೊಡಲು ಬರುವ ಹುಡುಗರು ಕೇಬಲ್ ಸೀಳಿ, ಒಳಗಿನ ಎಳೆಯನ್ನು ಪುಟ್ಟ ಸ್ಟ್ರಿಪ್ಪರಿನ ಬಾಯಿಗೆ ಕೊಟ್ಟು ಎಳೆಯುತ್ತಾರೆ. ಅಕ್ರಿಲೇಟ್ ಎಂಬ ಪ್ಲಾಸ್ಟಿಕ್ಕಿನ ಹೊದಿಕೆ ಸುಲಿದು ಬರುತ್ತದೆ. 250 ಮೈಕ್ರಾನ್ ದಪ್ಪವಿದ್ದ ಎಳೆ 125ಕ್ಕೆ ಇಳಿಯುತ್ತದೆ. ಆಮೇಲೆ ಸ್ಪಿರಿಟ್ ಹಾಕಿ ಒರೆಸುವುದು, ಕ್ಲೀವರಿನಲ್ಲಿ ತುದಿ ಕತ್ತರಿಸುವುದು, ಸ್ಪ್ಲೈಸಿಂಗ್ ಯಂತ್ರದಲ್ಲಿಟ್ಟು ಎರಡು ತುದಿಗಳನ್ನು ಬೆಸೆಯುವುದು. ಬೆಸೆದ ಜಾಗವನ್ನು ಹಾಗೇ ಬಿಡುವಂತಿಲ್ಲ. ಅದಕ್ಕೊಂದು ಸ್ಲೀವ್ ತೊಡಿಸಿ, ಬಿಸಿ ಮಾಡಿ ಮುಚ್ಚುತ್ತಾರೆ. ಬೋಳು ಗಾಜು ಬಹುದಿನ ಬಾಳದು ಎಂಬುದು ಅವರಿಗೆ ಅನುಭವದಿಂದ ಗೊತ್ತು.

ಜಗತ್ತಿನ ಬಹುಪಾಲು ಆಪ್ಟಿಕಲ್ ಫೈಬರ್ ಈ ಅಗ್ಗದ ಪ್ಲಾಸ್ಟಿಕ್ಕಿನಲ್ಲೇ ನೆಮ್ಮದಿಯಾಗಿದೆ. ಆದರೆ ಹಬೆ ನುಗ್ಗಿಸುವ ಎಣ್ಣೆಬಾವಿ, ಅಣುಸ್ಥಾವರ, ಸಮುದ್ರತಳದ ಲೇಸರ್ ಡಬ್ಬಿ, ದ್ರವ ಹೀಲಿಯಂ ತುಂಬಿದ ತೊಟ್ಟಿ ಇಂಥ ಕಡೆ ಪ್ಲಾಸ್ಟಿಕ್ ಕೈಕೊಡುತ್ತದೆ. ಅಲ್ಲಿಗೆ ಹೋಗುವ ಎಳೆಗೆ ಅಲ್ಯೂಮಿನಿಯಂ, ತಾಮ್ರ, ನಿಕ್ಕಲ್ ಅಥವಾ ಚಿನ್ನ ಲೇಪಿಸುತ್ತಾರೆ. ನಾಲ್ಕು ದಶಕ ಮೀರಿದ ಈ ವಿದ್ಯೆಯಲ್ಲಿ ನನಗೆ ಕುತೂಹಲದ ಸಂಗತಿಯೆಂದರೆ, ಲೋಹದ ಕೆಲಸವೇ ನಡುವೆ ಅದಲುಬದಲಾದದ್ದು. ಹೊರಗಿನದು ಒಳಗೆ ಬಾರದಿರಲೆಂದು ಹಚ್ಚಿದ ಪದರವೇ ಮುಂದೆ ಹೊರಗಿನ ಸುದ್ದಿಯನ್ನು ಒಳಗಿನ ಬೆಳಕಿಗೆ ಮುಟ್ಟಿಸತೊಡಗಿತು.

ಗಾಜಿನೆಳೆಯಲ್ಲಿ ದೂರದವರೆಗೆ ಬೆಳಕು ಕಳಿಸಬಹುದೆಂದು ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್ಹ್ಯಾಮ್ 1966ರಲ್ಲಿ ಲೆಕ್ಕ ಹಾಕಿ ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅಷ್ಟು ತಿಳಿಯಾದ ಗಾಜನ್ನು ಎಳೆದೂ ತೋರಿಸಿತು. ಗಾಜು ತಿಳಿಯಾಯಿತು ಸರಿ, ಗಟ್ಟಿಯಾಗಿ ಉಳಿಯುತ್ತದೆಯೇ ಎಂಬ ಪ್ರಶ್ನೆ ಬೇರೆಯೇ ಇತ್ತು. ಈಗತಾನೇ ಎಳೆದ ಶುದ್ಧ ಸಿಲಿಕಾ ಎಳೆ ಉಕ್ಕಿನ ತಂತಿಯನ್ನೂ ಮೀರಿಸುವಷ್ಟು ಬಲವಾಗಿರುತ್ತದೆ, ಸುಮಾರು 5 ಗಿಗಾಪ್ಯಾಸ್ಕಲ್ ಎಳೆತ ತಾಳುತ್ತದೆ. ಆದರೆ ಮೈಮೇಲೆ ಕಣ್ಣಿಗೆ ಕಾಣದ ಒಂದು ಗೀರು ಬಿದ್ದರೂ ಆ ಬಲ ಉಳಿಯದು. ಗಾಜು ಮುರಿಯುವುದು ಗೀರಿನಿಂದಲೇ ಎಂದು ಅಲನ್ ಗ್ರಿಫಿತ್ 1920ರ ಸುಮಾರಿಗೇ ವಿವರಿಸಿದ್ದ. ಗೀರನ್ನು ಬೆಳೆಸುವುದು ಗಾಳಿಯಲ್ಲಿರುವ ನೀರಿನ ಆವಿ. ಎಳೆ ಬಿಗಿತದಲ್ಲಿದ್ದಾಗ ಗೀರಿನ ತುದಿಯಲ್ಲಿ ಸಿಲಿಕಾನ್ ಮತ್ತು ಆಕ್ಸಿಜನ್ ನಡುವಿನ ಬಂಧವನ್ನು ನೀರಿನ ಅಣು ಕಡಿಯುತ್ತದೆ, ಗೀರು ಒಂದಿಷ್ಟು ಮುಂದೆ ಸರಿಯುತ್ತದೆ, ಅಲ್ಲಿ ಮತ್ತೊಂದು ಬಂಧ ಕಡಿಯುತ್ತದೆ. ಇವತ್ತು ಹೊತ್ತ ಭಾರವನ್ನೇ ಹೊತ್ತುಕೊಂಡು ವರ್ಷಗಳ ನಂತರ ಎಳೆ ಥಟ್ಟನೆ ಮುರಿಯುತ್ತದೆ. ನೀರು ಕೆಲಸ ಮಾಡಲಾರದ ದ್ರವ ನೈಟ್ರೋಜನ್ನಿನಲ್ಲಿ ಅದೇ ಎಳೆಯ ಬಲ ಎರಡು ಪಟ್ಟಿಗೂ ಹೆಚ್ಚಾಗುತ್ತದೆ ಎಂಬುದು ಇದಕ್ಕೆ ಒಳ್ಳೆಯ ಸಾಕ್ಷಿ.

ಪ್ಲಾಸ್ಟಿಕ್ ಗೀರನ್ನು ತಡೆಯುತ್ತದೆ, ಆವಿಯನ್ನು ತಡೆಯದು. ಎರಡನ್ನೂ ತಡೆಯುವುದು ಲೋಹ. ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿದ್ದ ಹ್ಯೂಸ್ ಸಂಶೋಧನಾಲಯದ ಪಿನೋ, ರಾಬರ್ಟ್‌ಸನ್ ಮತ್ತು ವೈಸಾಕಿ 1979ರಲ್ಲಿ ಪ್ರಕಟಿಸಿದ ಪ್ರಬಂಧ ಈ ದಾರಿಯನ್ನು ತೆರೆಯಿತು. ಎಳೆಗೆ ಅಲ್ಯೂಮಿನಿಯಂ ಹೊದಿಸಿದರೆ ಅದರ ಕಾಲಕ್ರಮದ ಸೊರಗು ಬಹಳ ಕಡಿಮೆಯಾಗುತ್ತದೆ ಎಂದು ಅವರು ತೋರಿಸಿದ್ದರು. ಹೊದಿಸುವ ಬಗೆ ಸರಳ. ಕುಲುಮೆಯಿಂದ ಇಳಿದು ಬರುವ ಎಳೆಯನ್ನು ಕರಗಿದ ಅಲ್ಯೂಮಿನಿಯಂ ತುಂಬಿದ ಸಣ್ಣ ಬಟ್ಟಲಿನ ಮೂಲಕ ಓಡಿಸುವುದು. ತಾಮ್ರದ ಹಂಡೆಗೆ ಕಲಾಯಿ ಹಾಕುವುದನ್ನು ನೋಡಿದವರಿಗೆ ಇದು ಪರಿಚಿತ ಅನ್ನಿಸಬಹುದು, ಆದರೆ ಲೆಕ್ಕ ತಿರುಗುಮುರುಗು. ಕಲಾಯಿಯವನು ಪಾತ್ರೆಯನ್ನು ಕಾಯಿಸಿ ತವರವನ್ನು ಕರಗಿಸಿ ಹಬ್ಬಿಸುತ್ತಾನೆ. ಇಲ್ಲಿ ಎಳೆ ಲೋಹಕ್ಕಿಂತ ತಣ್ಣಗಿರಬೇಕು. ಹಾಗಿದ್ದರೇನೇ ಅದರ ಮೈಗೆ ತಾಗಿದ ಕರಗುಲೋಹ ಅಲ್ಲೇ ಹೆಪ್ಪುಗಟ್ಟುತ್ತದೆ. ಬಟ್ಟಲಿನಲ್ಲಿ ಎಳೆ ಇರುವುದು ಕ್ಷಣದ ಒಂದಂಶ ಮಾತ್ರ. ಹೆಚ್ಚು ಹೊತ್ತು ನಿಂತರೆ ಹೆಪ್ಪುಗಟ್ಟಿದ್ದು ಮತ್ತೆ ಕರಗಿ ಹೋಗುತ್ತದೆ. ಎಳೆಯ ವೇಗ, ಬಟ್ಟಲಿನ ಆಳ, ಲೋಹದ ಬಿಸಿ ಮೂರೂ ಹೊಂದಿದಾಗ ಸುಮಾರು 20 ಮೈಕ್ರಾನಿನ ಪದರ ಕೂರುತ್ತದೆ.

ಕೂತ ಮೇಲೆ ತಂಟೆ ಶುರು. ಅಲ್ಯೂಮಿನಿಯಂ ಗಟ್ಟಿಯಾಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಲಿಂದ ಕೋಣೆಯ ಉಷ್ಣತೆಗೆ ಇಳಿಯುವಷ್ಟರಲ್ಲಿ ಮೀಟರಿಗೆ ಸುಮಾರು ಒಂದೂವರೆ ಸೆಂಟಿಮೀಟರ್ ಕುಗ್ಗಲು ಅದು ಹವಣಿಸುತ್ತದೆ. ಒಳಗಿನ ಗಾಜು ಕುಗ್ಗುವುದು ಮಿಲಿಮೀಟರಿನ ಮೂರನೇ ಒಂದು ಭಾಗ. ಗಾಜು ಒಪ್ಪದು, ಲೋಹ ಬಿಡದು. ಈ ಹಗ್ಗಜಗ್ಗಾಟದಲ್ಲಿ ಎಳೆ ಉದ್ದಕ್ಕೂ ಮೈಕ್ರಾನ್ ಮಟ್ಟದ ವಕ್ರತೆಗಳನ್ನು ಪಡೆಯುತ್ತದೆ. ಲೋಹದ ಹರಳುಗಳ ಉಬ್ಬುತಗ್ಗೂ ಅದಕ್ಕೆ ಸೇರಿಕೊಳ್ಳುತ್ತದೆ. ಪ್ರತಿ ವಕ್ರತೆಯಲ್ಲೂ ಒಂದಿಷ್ಟು ಬೆಳಕು, ತಾನು ಹರಿಯುವ ನಡುವಿನ ತಿರುಳಿನಿಂದ ಆಚೆ ಸೋರುತ್ತದೆ. ದೂರವಾಣಿಯ ಎಂಜಿನಿಯರುಗಳು ಕಿಲೋಮೀಟರಿಗೆ ಡೆಸಿಬೆಲ್ಲಿನ ಹತ್ತನೇ ಭಾಗಕ್ಕಾಗಿ ಹೋರಾಡುತ್ತಿದ್ದ ಕಾಲ ಅದು, ಇಂಥ ಸೋರಿಕೆಯನ್ನು ಯಾರು ಒಪ್ಪುತ್ತಾರೆ? ಮಾಸ್ಕೋದ ಫೈಬರ್ ಸಂಶೋಧನಾ ಕೇಂದ್ರದಲ್ಲಿ ಡಿಯಾನೋವ್, ಬೊಗಾತಿರ್ಯೋವ್ ಮುಂತಾದವರು ತವರ, ಇಂಡಿಯಂನಂಥ ಮೆದು ಲೋಹಗಳನ್ನೂ ಹಚ್ಚಿ ನೋಡಿದರು. ಬಲದಲ್ಲಿ ಅವರ ಎಳೆಗಳು ಅಸಾಧಾರಣವಾಗಿದ್ದವು. ಆದರೂ 1980ರ ದಶಕದ ಕೊನೆಗೆ ಕೆಲವೇ ಹತ್ತು ನ್ಯಾನೊಮೀಟರ್ ದಪ್ಪದ ಇಂಗಾಲದ ಲೇಪ ಬಂದು, ಕೇಬಲ್ಲುಗಳ ಲೋಕದಲ್ಲಿ ಲೋಹದ ಜಾಗವನ್ನು ಕಸಿದುಕೊಂಡಿತು. ಇಂಗಾಲ ನೀರನ್ನೂ ಹೈಡ್ರೋಜನ್ನನ್ನೂ ತಡೆಯುತ್ತದೆ, ಎಳೆಯನ್ನು ಹಿಂಡುವುದಿಲ್ಲ.

ಈ ಸೋಲು ಲೋಹಲೇಪಕ್ಕೆ ಒಳ್ಳೆಯದನ್ನೇ ಮಾಡಿತು ಎಂಬುದು ನನ್ನ ಅನಿಸಿಕೆ. ಸಾವಿರಾರು ಕಿಲೋಮೀಟರಿನ ಕನಸು ಬಿಟ್ಟ ಮೇಲೆ, ಕಡಿಮೆ ಉದ್ದ ಸಾಕೆನ್ನುವ ಕಡೆ ಅದಕ್ಕೆ ಬೇಡಿಕೆ ಕಂಡಿತು. ಸಾಮಾನ್ಯ ಅಕ್ರಿಲೇಟ್ ತಾಳುವುದು 85 ಡಿಗ್ರಿಯವರೆಗೆ, ಪಾಲಿಇಮೈಡ್ ಎಂಬ ಇನ್ನೊಂದು ಪ್ಲಾಸ್ಟಿಕ್ ಸುಮಾರು 300, ಅಲ್ಯೂಮಿನಿಯಂ 400. ತಾಮ್ರ ಇನ್ನೂ ಮೇಲೆ ಹೋಗಬಲ್ಲದು, ಆದರೆ ಗಾಳಿಯಲ್ಲಿ ಆಕ್ಸೈಡ್ ಆಗಿ ಹಾಳಾಗುತ್ತದೆ. ಚಿನ್ನ 700ರವರೆಗೂ ಜಗ್ಗದು. ಎಣ್ಣೆಬಾವಿಗೆ ಇಳಿಬಿಡುವ ಉಷ್ಣಮಾಪಕ ಎಳೆಗಳಿಗೂ, ಆಟೋಕ್ಲೇವಿನಲ್ಲಿ ಮತ್ತೆ ಮತ್ತೆ ಬೇಯಬೇಕಾದ ವೈದ್ಯಕೀಯ ಉಪಕರಣಗಳಿಗೂ ಈ ಗುಣ ಬೇಕು. ಅಣುಸ್ಥಾವರದ ಕಥೆ ಇನ್ನೂ ಸೊಗಸು. ವಿಕಿರಣ ತಾಗಿದ ಗಾಜು ಕಪ್ಪಾಗುತ್ತದೆ, ಗಾಜಿನೊಳಗೆ ಹೈಡ್ರೋಜನ್ ಇದ್ದರೆ ಕಪ್ಪಾಗುವುದು ತಗ್ಗುತ್ತದೆ. ಹಾಗಾಗಿ ಬೆಲ್ಜಿಯಂನ ಮೋಲ್‌ನ ಅಣುಸಂಶೋಧನಾ ಕೇಂದ್ರದವರೂ ಮಾಸ್ಕೋದವರೂ ಎಳೆಗೆ ಹೈಡ್ರೋಜನ್ ತುಂಬಿಸಿ, ಅದು ಸೋರಿಹೋಗದಂತೆ ಅಲ್ಯೂಮಿನಿಯಂ ಹೊದಿಕೆಯಲ್ಲಿ ಹಿಡಿದಿಟ್ಟು ಪರೀಕ್ಷಿಸಿದರು. ಹೈಡ್ರೋಜನ್ ಒಳಬರದಂತೆ ಬೇರೆಡೆ ಕಾಯುವ ಲೇಪ ಇಲ್ಲಿ ಅದನ್ನು ಹೊರಹೋಗದಂತೆ ಕಾಯಿತು.

ಲೋಹ ಹಚ್ಚಿದ ಗಾಜಿಗೆ ಬೆಸುಗೆ ಹಾಕಬಹುದು. ಕೇಳಲು ಸಣ್ಣ ಮಾತು, ದೂರಸಂಪರ್ಕದ ಮಟ್ಟಿಗೆ ದೊಡ್ಡದು. 1988ರ ಕೊನೆಯಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಫೈಬರ್ ಕೇಬಲ್ ಟ್ಯಾಟ್-8 ಕೆಲಸ ಆರಂಭಿಸಿತು. ಅದಕ್ಕೂ ಮುಂಚೆ 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೇನ್ ಅವರ ತಂಡ ಎರ್ಬಿಯಂ ಬೆರೆತ ಫೈಬರಿನಲ್ಲೇ ಬೆಳಕನ್ನು ವರ್ಧಿಸಿ ತೋರಿಸಿತ್ತು. ಮುಂದಿನ ಸಮುದ್ರ ಕೇಬಲ್ಲುಗಳಿಗೆ ಸೇರಿದ ಆ ವರ್ಧಕಕ್ಕೆ ಶಕ್ತಿಯೂಡುವುದು 980 ನ್ಯಾನೊಮೀಟರಿನ ಒಂದು ಪುಟ್ಟ ಲೇಸರ್ ಚಿಪ್ಪು. ಸಮುದ್ರತಳದಲ್ಲಿ 25 ವರ್ಷ ಯಾರೂ ಕೈಹಾಕದೆ ಅದು ನಡೆಯಬೇಕು. ಚಿಪ್ಪನ್ನು ಲೋಹದ ಡಬ್ಬಿಯಲ್ಲಿಟ್ಟು ಗಾಳಿಯಾಡದಂತೆ ಮುಚ್ಚುತ್ತಾರೆ, ಆದರೆ ಬೆಳಕನ್ನು ಹೊರತರುವ ಎಳೆ ಡಬ್ಬಿಯ ಗೋಡೆ ದಾಟಲೇಬೇಕು. ಆ ತೂತನ್ನು ಅಂಟಿನಿಂದ ಮುಚ್ಚಿದರೆ ಅಂಟಿನಿಂದ ಹೊರಡುವ ಸಾವಯವ ಆವಿ ಒಳಗೆ ಉಳಿಯುತ್ತದೆ. 1990ರ ದಶಕದಲ್ಲಿ, ಶುಷ್ಕ ನೈಟ್ರೋಜನ್ ತುಂಬಿ ಬಿಗಿಯಾಗಿ ಮುಚ್ಚಿದ ಡಬ್ಬಿಗಳಲ್ಲೇ ಲೇಸರುಗಳು ಸಾಯತೊಡಗಿದವು. ಆವಿಯ ಇಂಗಾಲ ಚಿಪ್ಪಿನ ಮುಖದ ಮೇಲೆ ಕೂತು, ತೀಕ್ಷ್ಣ ಬೆಳಕಿಗೆ ಸುಡುತ್ತಿತ್ತು. ಡಬ್ಬಿಯೊಳಗೆ ಒಂದಿಷ್ಟು ಆಕ್ಸಿಜನ್ ಬಿಟ್ಟು ಆ ಇಂಗಾಲವನ್ನು ಉರಿಸಿಹಾಕುವ ಉಪಾಯ ಕಂಡುಕೊಂಡದ್ದು ಒಂದು ಕಡೆ, ಅಂಟಿನ ಬದಲು ಬೆಸುಗೆಯನ್ನು ನೆಚ್ಚಿದ್ದು ಇನ್ನೊಂದು ಕಡೆ.

ಆ ಬೆಸುಗೆಯನ್ನು ಹತ್ತಿರದಿಂದ ನೋಡಬೇಕು. ಎಳೆಯ ಕೊನೆಯ ಒಂದೆರಡು ಸೆಂಟಿಮೀಟರ್ ಪ್ಲಾಸ್ಟಿಕ್ ಸುಲಿದು, ತೊಳೆದು, ಮೊದಲು ನಿಕ್ಕಲ್, ಅದರ ಮೇಲೆ ತೆಳ್ಳಗೆ ಚಿನ್ನ ಹಚ್ಚುತ್ತಾರೆ. ನೋಡುವವರಿಗೆ ಬೆಸೆಯುತ್ತಿರುವುದು ಚಿನ್ನವೆಂದೇ ತೋರುತ್ತದೆ. ಹಾಗಲ್ಲ. ನಿಕ್ಕಲ್ಲಿಗೆ ಗಾಳಿಯ ಆಕ್ಸಿಜನ್ ತಾಗದಂತೆ ನೋಡಿಕೊಳ್ಳುವುದಷ್ಟೇ ಚಿನ್ನದ ಕೆಲಸ. ನೂರಕ್ಕೆ 80 ಪಾಲು ಚಿನ್ನ, 20 ಪಾಲು ತವರದ ಬೆಸುಗೆ 280 ಡಿಗ್ರಿಯಲ್ಲಿ ಕರಗಿ ಹರಿದಾಗ ಲೇಪದ ಚಿನ್ನ ಅದರಲ್ಲಿ ಕರಗಿ ಬೆರೆಯುತ್ತದೆ. ಗಟ್ಟಿ ಹಿಡಿತ ಕೂಡುವುದು ಕೆಳಗಿನ ನಿಕ್ಕಲ್ಲಿನೊಂದಿಗೆ. ಡಬ್ಬಿಯೊಳಗೆ ಎಳೆಯ ತುದಿ ಲೇಸರಿನ ಎದುರು ಮೈಕ್ರಾನಿಗಿಂತ ಕಡಿಮೆ ತಪ್ಪಿನಲ್ಲಿ ನಿಲ್ಲಬೇಕು. ಅಲ್ಲಿ ಬೆಸುಗೆ ಆರುವಾಗ ಕುಗ್ಗಿ ಎಳೆಯನ್ನು ಕೊಂಚ ಎಳೆದರೂ ಬೆಳಕು ತಪ್ಪುತ್ತದೆ. ಎಷ್ಟು ಸರಿಯುತ್ತದೆಂದು ಮೊದಲೇ ಅಂದಾಜಿಸಿ ಅಷ್ಟು ಆಚೆ ಇಟ್ಟು ಬೆಸೆಯುವುದು ಈ ಕೆಲಸದವರ ಚಾಣಾಕ್ಷತನ.

ಸಂವೇದನೆಯ ದಾರಿ ಬೇರೆ ಕಡೆಯಿಂದ ಬಂತು. ಪಲ್ಲಾಡಿಯಂ ತನ್ನ ಗಾತ್ರದ ನೂರಾರು ಪಟ್ಟು ಹೈಡ್ರೋಜನ್ ಹೀರುತ್ತದೆಂದು ಥಾಮಸ್ ಗ್ರಹಾಂ 1866ರಲ್ಲೇ ಕಂಡಿದ್ದ. ಹೀರಿದಾಗ ಅದು ಉಬ್ಬುತ್ತದೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಮೈಕೆಲ್ ಬಟ್ಲರ್ 1984ರಲ್ಲಿ ಎಳೆಗೆ ಪಲ್ಲಾಡಿಯಂ ಹಚ್ಚಿದರು. ಉಬ್ಬುವ ಲೋಹ ಎಳೆಯನ್ನು ಹಿಗ್ಗಿಸಿತು, ಹಿಗ್ಗಿದ ಎಳೆಯಲ್ಲಿ ಬೆಳಕಿನ ದಾರಿ ಉದ್ದವಾಯಿತು, ಲೇಪವಿಲ್ಲದ ಇನ್ನೊಂದು ಎಳೆಯ ಬೆಳಕಿನೊಂದಿಗೆ ಬೆರೆಸಿದಾಗ ವ್ಯತ್ಯಾಸ ಕಂಡಿತು. ಕಿಡಿ ಹಾರಿಸುವ ವಿದ್ಯುತ್ತಿಲ್ಲದೆ ಹೈಡ್ರೋಜನ್ ಸೋರಿಕೆ ಪತ್ತೆಮಾಡುವ ಸಾಧನ ಅದು. ಲೋಹ ಎಳೆಯನ್ನು ಹಿಂಡುತ್ತದೆ, ಜಗ್ಗುತ್ತದೆ ಎಂದು ಕೇಬಲಿನವರು ದೂರುತ್ತಿದ್ದರಲ್ಲ, ಬಟ್ಲರ್‌ಗೆ ಬೇಕಾದದ್ದು ಅದೇ ಜಗ್ಗಾಟ. ಹೈಡ್ರೋಜನ್ ಹೆಚ್ಚಾದರೆ ಶುದ್ಧ ಪಲ್ಲಾಡಿಯಂ ಬಿರುಕುಬಿಟ್ಟು ಕಿತ್ತುಬರುತ್ತದೆ. ಬೆಳ್ಳಿ ಅಥವಾ ಚಿನ್ನ ಬೆರೆಸಿ ಅದನ್ನು ಪಳಗಿಸುವ ಯತ್ನ ಇವತ್ತಿಗೂ ನಡೆದಿದೆ.

ಇನ್ನೂ ತೆಳುವಾಗಿಸಿದರೆ ಲೋಹದ ಸ್ವಭಾವವೇ ಬದಲಾಗುತ್ತದೆ. 20 ಮೈಕ್ರಾನ್ ಲೋಹ ಗೋಡೆ. 50 ನ್ಯಾನೊಮೀಟರ್ ಎಂದರೆ ಅದರ ನಾನೂರನೇ ಒಂದು ಭಾಗ. ಅಷ್ಟು ತೆಳು ಲೋಹದಲ್ಲಿ, ಗಾಜಿನ ಬದಿಯಿಂದ ಬಂದ ಬೆಳಕು ಆಚೆ ಮೈಯ ಎಲೆಕ್ಟ್ರಾನುಗಳನ್ನು ಒಟ್ಟಾಗಿ ತೂಗಾಡಿಸುತ್ತದೆ. ಇದು ಪ್ಲಾಸ್ಮಾನ್ ಅನುರಣನ. ಯಾವ ಬಣ್ಣದ ಬೆಳಕು ಹೀಗೆ ನಷ್ಟವಾಗುತ್ತದೆ ಎಂಬುದು ಲೋಹಕ್ಕೆ ಹೊರಗಿನಿಂದ ಏನು ತಾಗಿದೆ ಎನ್ನುವುದನ್ನು ಅವಲಂಬಿಸುತ್ತದೆ. ಪ್ರಿಸಂ ಬಳಸಿ ಇದನ್ನು ಒಟ್ಟೊ, ಕ್ರೆಚ್‌ಮನ್ 1968ರಲ್ಲಿ ಸಾಧಿಸಿದ್ದರು. ಮೇಜಿನಷ್ಟು ಜಾಗ ಬೇಡುತ್ತಿದ್ದ ಆ ಏರ್ಪಾಡನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾರ್ಗೆನ್‌ಸನ್ ಮತ್ತು ಯೀ 1993ರಲ್ಲಿ ಎಳೆಗೆ ತಂದರು. ಸ್ವಲ್ಪ ಉದ್ದಕ್ಕೆ ತಿರುಳಿನ ಸುತ್ತಲ ಹೊರಪದರ ಸುಲಿದು ತಿರುಳಿಗೇ ಬೆಳ್ಳಿ ಹಚ್ಚಿ, ಬಿಳಿ ಬೆಳಕು ಕಳಿಸಿ, ಯಾವ ಬಣ್ಣ ಕಾಣೆಯಾಯಿತೆಂದು ನೋಡುವುದು ಅವರ ವಿಧಾನ. ಬೆಳ್ಳಿ ಬೇಗ ಕಪ್ಪಾಗುವುದರಿಂದ ಮುಂದಿನವರು ಚಿನ್ನ ಹಿಡಿದರು. ಚಿನ್ನ ಗಾಜಿಗೆ ಅಂಟದು, ನಡುವೆ ಕೆಲವೇ ನ್ಯಾನೊಮೀಟರ್ ಕ್ರೋಮಿಯಂ ಅಥವಾ ಟೈಟಾನಿಯಂ ಬೇಕು. ನಮ್ಮ ದೇಶದಲ್ಲಿ ದೆಹಲಿ ಐಐಟಿಯ ಬಿ. ಡಿ. ಗುಪ್ತ ಅವರ ತಂಡ ಈ ವಿಷಯವನ್ನು ದೀರ್ಘಕಾಲ ಬೆಳೆಸಿತು. ಶರ್ಮ, ಝಾ ಅವರೊಂದಿಗೆ ಗುಪ್ತ 2007ರಲ್ಲಿ ಬರೆದ ಸಮೀಕ್ಷೆ ಈ ಕ್ಷೇತ್ರಕ್ಕೆ ಬರುವವರು ಮೊದಲು ಓದುವ ಪ್ರಬಂಧಗಳಲ್ಲೊಂದು. ಅದೇ ವರ್ಷ ಒಟ್ಟಾವಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಜಾಕ್ ಆಲ್ಬರ್ಟ್ ತಂಡ, ತಿರುಳಿನಲ್ಲಿ ಓರೆಯಾಗಿ ಕೊರೆದ, ಬ್ರ್ಯಾಗ್ ಗ್ರೇಟಿಂಗ್ ಎಂಬ ಸೂಕ್ಷ್ಮ ಪಟ್ಟಿಗಳ ಸಾಲಿನಿಂದ ಬೆಳಕನ್ನು ಚಿನ್ನದ ಕಡೆ ತಿರುಗಿಸಿತು. ಹೊರಪದರ ಸುಲಿಯುವ ಗೋಜೇ ತಪ್ಪಿತು. ಎಳೆ ತನ್ನ ಬಲ ಕಳೆದುಕೊಳ್ಳದ ಈ ದಾರಿಯೇ ನನಗೆ ಹೆಚ್ಚು ಭರವಸೆಯದಾಗಿ ಕಾಣುತ್ತದೆ. ಇಂಥ ಸಂವೇದಕಗಳ ಬಗ್ಗೆ ಬರುವ ಪ್ರಬಂಧಗಳ ರಾಶಿಗೆ ಹೋಲಿಸಿದರೆ ಆಸ್ಪತ್ರೆಗೆ ತಲುಪಿದ ಉಪಕರಣಗಳು ತೀರ ಕಡಿಮೆ ಎಂಬುದನ್ನೂ ಹೇಳಬೇಕು.

ಈ ನಡುವೆ ಬೆಲ್ ಲ್ಯಾಬ್ಸ್‌ನಲ್ಲಿ ಎರಿಕ್ ಬೆಟ್ಜಿಗ್ ಲೋಹವನ್ನು ಮತ್ತೊಂದು ಕೆಲಸಕ್ಕೆ ಹಚ್ಚಿದ್ದರು. ಎಳೆಯನ್ನು ಕಾಯಿಸಿ ಜಗ್ಗಿ ಸೂಜಿಮೊನೆ ಮಾಡಿ, ತಿರುಗಿಸುತ್ತ ಓರೆಯಿಂದ ಅಲ್ಯೂಮಿನಿಯಂ ಆವಿ ಹಾಯಿಸಿದರು. ಪಕ್ಕಗಳಿಗೆ ಲೋಹ ಕೂತು ಮೊನೆ ಮಾತ್ರ ಬೋಳಾಗಿ ಉಳಿಯಿತು. ಆ ಕಿಂಡಿಯಿಂದ ಇಣುಕುವ ಬೆಳಕಿನಲ್ಲಿ 12 ನ್ಯಾನೊಮೀಟರಿನಷ್ಟು ಸೂಕ್ಷ್ಮ ವಿವರ ಕಂಡಿತೆಂದು 1991ರಲ್ಲಿ ಅವರ ತಂಡ ಬರೆಯಿತು. ಬಹುಪಾಲು ಬೆಳಕು ಮೊನೆಯ ಲೋಹದಲ್ಲೇ ಶಾಖವಾಗಿ ಕಳೆದುಹೋಗುತ್ತಿದ್ದುದರಿಂದ ಹೆಚ್ಚು ಬೆಳಕು ಕಳಿಸಿದರೆ ಲೇಪವೇ ಹಾಳಾಗುತ್ತಿತ್ತು. ಬೆಟ್ಜಿಗ್‌ಗೆ 2014ರಲ್ಲಿ ನೊಬೆಲ್ ಬಂದದ್ದು ಆಮೇಲೆ ಹಿಡಿದ ಬೇರೆ ದಾರಿಗೆ.

ಬ್ರ್ಯಾಗ್ ಗ್ರೇಟಿಂಗುಗಳಿಗೆ ಬೆಂಗಳೂರಿನ ನಂಟೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಅಶೋಕನ್ ಅವರ ತಂಡ ಇವುಗಳಿಂದ ಬಗೆಬಗೆಯ ಸಂವೇದಕಗಳನ್ನು ಕಟ್ಟಿದೆ. ಅಜಯ್ ಸೂದ್ ಅವರೊಡಗೂಡಿ ಎಳೆಯನ್ನು ಆಮ್ಲದಲ್ಲಿ ಸವೆಸಿ ಗ್ರಾಫೀನ್ ಬಗೆಯ ಪದರ ಹಚ್ಚಿ ನೋಡಿದ್ದೂ ಉಂಟು. ಲೋಹವಲ್ಲದಿದ್ದರೂ ಲೇಪದಿಂದಲೇ ಎಳೆಗೆ ಸಂವೇದನೆ ತರುವ ಯುಕ್ತಿ ಅದೇ. ಕೋಣೆಯ ಉಷ್ಣತೆಯಲ್ಲಿ ಬೋಳು ಗ್ರೇಟಿಂಗ್ ತಾನು ಹಿಂತಿರುಗಿಸುವ ಬೆಳಕಿನ ಬಣ್ಣವನ್ನು ಒಂದು ಡಿಗ್ರಿಗೆ ಸುಮಾರು 10 ಪಿಕೋಮೀಟರಿನಷ್ಟು ಬದಲಿಸುತ್ತದೆ. ದ್ರವ ಹೀಲಿಯಂನ ಚಳಿಯಲ್ಲಿ ಅದು ಬಹುತೇಕ ಕಿವುಡು. ಆಗ ಸೀಸ, ಇಂಡಿಯಂನಂಥ ಲೋಹ ಹಚ್ಚುತ್ತಾರೆ. ಬೇರೆ ಲೋಹಗಳು ಕುಗ್ಗುವುದನ್ನು ನಿಲ್ಲಿಸಿದ ಚಳಿಯಲ್ಲೂ ಇವು ಕುಗ್ಗುತ್ತ ಗಾಜನ್ನು ಜೊತೆಗೆಳೆಯುತ್ತವೆ.

ಈಚಿನ ಆಸೆ ಎಳೆಯನ್ನು ಲೋಹದ ಭಾಗದೊಳಗೇ ಹೂಳುವುದು. ಎಡಿನ್‌ಬರೋದ ಹೆರಿಯಟ್-ವಾಟ್ ವಿಶ್ವವಿದ್ಯಾಲಯದವರು ನಿಕ್ಕಲ್ ಹೊದಿಸಿದ ಎಳೆಯನ್ನು ತೋಡಿನಲ್ಲಿಟ್ಟು, ಲೇಸರಿನಿಂದ ಸ್ಟೇನ್‌ಲೆಸ್ ಸ್ಟೀಲಿನ ಪುಡಿ ಕರಗಿಸಿ ಅದರ ಮೇಲೆ ಪದರ ಕಟ್ಟಿದರು. ನಿಕ್ಕಲ್ ಮೊದಲ ಬಿಸಿಯನ್ನು ತಾನು ತಾಳಿಕೊಂಡು ಉಕ್ಕಿನೊಂದಿಗೆ ಬೆಸೆದುಕೊಳ್ಳುತ್ತದೆ. ಒಳಗಿನ ಗ್ರೇಟಿಂಗ್ ಉಕ್ಕಿನ ಬಿಸಿಯನ್ನೂ ಬಿಗಿತವನ್ನೂ ವರದಿ ಮಾಡುತ್ತದೆ. ಉಕ್ಕು ಹಿಗ್ಗುವುದು ಗಾಜಿನ ಮೂವತ್ತು ಪಟ್ಟು, ಹಾಗಾಗಿ ಬಿಸಿ ಏರಿದಂತೆ ಗಾಜು ಮತ್ತು ಲೇಪದ ನಡುವಿನ ಹಿಡಿತ ಸಡಿಲಾಗುವ ಭಯ ಇದ್ದೇ ಇದೆ. ಅದಕ್ಕಿಂತ ಹೆಚ್ಚು ತಲೆನೋವು ಎಳೆ ಉಕ್ಕಿನಿಂದ ಹೊರಬರುವ ಅಂಚಿನದು. ಒಳಗೆ ಅಲುಗದಂತೆ ಹಿಡಿಸಿಕೊಂಡ ಎಳೆ ಹೊರಗೆ ಆಡುತ್ತದೆ, ಬಗ್ಗುತ್ತದೆ, ಮುರಿದರೆ ಅಲ್ಲೇ ಮುರಿಯುತ್ತದೆ. ಅಲ್ಲಿ ಮುರಿದ ಎಳೆಯನ್ನು ಸ್ಪ್ಲೈಸ್ ಮಾಡಲು ಹಿಡಿಯುವಷ್ಟು ತುದಿಯೂ ಉಳಿದಿರುವುದಿಲ್ಲ.